ಬಿಲ್ಲಿಂಗ್ ಕೌಂಟರ್ ಟಿಪ್ಪಣಿ: ಎರಡು ದಿನ ತಲೆ ತಿಂದ ಕ್ಯೂ ಲೆಕ್ಕ

ರಿಟೇಲ್ ಪಾಠದಲ್ಲಿ ಇದು ಚಿಕ್ಕ ಅಧ್ಯಾಯ. ಆದರೂ ಒಂದು ಲೆಕ್ಕದ ಹತ್ತಿರ ಎರಡು ದಿನ ಸಿಕ್ಕಿಹಾಕಿಕೊಂಡಿದ್ದೆ. ನಿನ್ನೆ ರಾತ್ರಿ ಗಂಟು ಬಿಚ್ಚಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಇತಿಹಾಸ, ಬೇಗ ಬೇಗ

ಮೊದಲು ಕೌಂಟರ್ ಅಂದರೆ ಅಡ್ಡಗೋಡೆ. ಗಿರಾಕಿ ಈಚೆ, ಸಾಮಾನು ಆಚೆ. ಅಂಗಡಿಯವನೇ ತೆಗೆದು, ತೂಗಿ, ಕಟ್ಟಿ ಕೊಡುತ್ತಿದ್ದ. 1879ರಲ್ಲಿ ಅಮೆರಿಕದ ಡೇಟನ್ನಿನ ಜೇಮ್ಸ್ ರಿಟ್ಟಿ ಕ್ಯಾಶ್ ರಿಜಿಸ್ಟರ್, ಅಂದರೆ ಮಾರಾಟದ ದುಡ್ಡನ್ನು ದಾಖಲಿಸುವ ಯಂತ್ರ ಮಾಡಿದ. ಲೆಕ್ಕ ಸುಲಭವಾಗಲಿ ಅಂತಲ್ಲ. ಅವನ ಹೆಂಡದಂಗಡಿಯ ಕೆಲಸಗಾರರು ಗಲ್ಲಾದ ದುಡ್ಡಿಗೆ ಕೈ ಹಾಕುತ್ತಿದ್ದರು, ಅದನ್ನು ತಡೆಯಲು!

1916ರಲ್ಲಿ ಮೆಂಫಿಸ್‌ನಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಪಿಗ್ಲಿ ವಿಗ್ಲಿ ಅನ್ನುವ ಅಂಗಡಿ ತೆರೆದ. ಗಿರಾಕಿ ತಾನೇ ಸಾಮಾನು ಎತ್ತಿಕೊಂಡು, ಹೊರಹೋಗುವ ಕಡೆ ದುಡ್ಡು ಕೊಡಬೇಕು. ಚೆಕ್‌ಔಟ್‌ಗೆ ಅಂತಲೇ ಒಂದು ಜಾಗ ಹುಟ್ಟಿದ್ದು ಇಲ್ಲಿ ಅಂತ ನಾನು ನೆನಪಿಟ್ಟುಕೊಂಡಿದ್ದೇನೆ. 1937ರಲ್ಲಿ ಸಿಲ್ವನ್ ಗೋಲ್ಡ್‌ಮನ್‌ನ ಟ್ರಾಲಿ ಬಂತು. ಜನ ಜಾಸ್ತಿ ಕೊಂಡರು, ಒಬ್ಬೊಬ್ಬರ ಬಿಲ್ಲಿಗೂ ಜಾಸ್ತಿ ಹೊತ್ತು ಹಿಡಿಯಿತು.

1974ರ ಜೂನ್ 26ರಂದು ಓಹಾಯೋದ ಟ್ರಾಯ್ ಊರಿನ ಮಾರ್ಷ್ ಅಂಗಡಿಯಲ್ಲಿ ಒಂದು ಚ್ಯೂಯಿಂಗ್ ಗಮ್ ಪ್ಯಾಕಿನ ಬಾರ್‌ಕೋಡ್ ಸ್ಕ್ಯಾನ್ ಆಯಿತು. ಇವತ್ತಿನ ಯುಪಿಸಿ (ಅಂಗಡಿ ಸಾಮಾನಿನ ಮೇಲಿರುವ ಬಾರ್‌ಕೋಡಿನ ಒಂದು ಬಗೆ) ಕೋಡಿನ ಮೊದಲ ಬಿಲ್ಲು ಅದು. ಒಂದು ಎಚ್ಚರಿಕೆ: ಆ ಗೆರೆಗಳಲ್ಲಿ ಬೆಲೆ ಇಲ್ಲ, ಬರೀ ನಂಬರ್. ಬೆಲೆ ಅಂಗಡಿಯ ಕಂಪ್ಯೂಟರಿನಲ್ಲಿರುತ್ತದೆ.

ನಾನು ಎಡವಿದ ಜಾಗ

ಟ್ರಾಲಿಯವರ ಕಡೆ ಪ್ರತಿ ಕೌಂಟರಿಗೂ ಒಂದೊಂದು ಕ್ಯೂ. ಸೆಲ್ಫ್ ಚೆಕ್‌ಔಟ್ (ಗಿರಾಕಿಯೇ ಸ್ಕ್ಯಾನ್ ಮಾಡಿ ದುಡ್ಡು ಕಟ್ಟುವ ಯಂತ್ರಗಳ) ಕಡೆ ಸಾಮಾನ್ಯವಾಗಿ ಎಲ್ಲರಿಗೂ ಸೇರಿ ಒಂದೇ ಕ್ಯೂ. ಯಾವ ಯಂತ್ರ ಖಾಲಿಯಾಯಿತೋ ಅಲ್ಲಿಗೆ ಮುಂದಿನವರು ಹೋಗುತ್ತಾರೆ. ಹೀಗೆ ಮಾಡಿದರೆ ಸರಾಸರಿ ಕಾಯುವ ಹೊತ್ತು ಇಳಿಯುತ್ತದೆ ಅಂತ ಪಾಠದಲ್ಲಿತ್ತು. ನನಗೆ ಸುತರಾಂ ಒಪ್ಪಿಗೆಯಾಗಲಿಲ್ಲ. ಕೌಂಟರ್ ಅಷ್ಟೇ, ಜನ ಅಷ್ಟೇ, ವೇಗವೂ ಅಷ್ಟೇ. ನಿಲ್ಲುವ ರೀತಿ ಬದಲಾದರೆ ಸಮಯ ಎಲ್ಲಿಂದ ಉಳಿಯುತ್ತೆ?

ಕೊನೆಗೆ ಕೈಲೆಕ್ಕ ಹಾಕಿದೆ. ಎರಡು ಕೌಂಟರ್. ಅ, ಆ, ಇ, ಈ, ಉ ಅಂತ ಐದು ಜನ ಇದೇ ಕ್ರಮದಲ್ಲಿ, ಹೆಚ್ಚುಕಡಿಮೆ ಒಟ್ಟಿಗೇ ಬಂದರು. ಅ ಹತ್ತಿರ ತುಂಬಿದ ಟ್ರಾಲಿ, 10 ನಿಮಿಷ ಬೇಕು. ಮಿಕ್ಕವರಿಗೆ ತಲಾ 1 ನಿಮಿಷ.

ಬೇರೆ ಬೇರೆ ಕ್ಯೂ: ಮೊದಲ ಕೌಂಟರಿಗೆ ಅ, ಇ, ಉ. ಎರಡನೆಯದಕ್ಕೆ ಆ, ಈ. ಕಾದ ನಿಮಿಷಗಳು: ಅ 0, ಆ 0, ಇ 10, ಈ 1, ಉ 11. ಒಟ್ಟು 22, ಸರಾಸರಿ 4.4.

ಒಂದೇ ಕ್ಯೂ: ಅ 0, ಆ 0, ಇ 1, ಈ 2, ಉ 3. ಒಟ್ಟು 6, ಸರಾಸರಿ 1.2.

ಎರಡರಲ್ಲೂ ಒಟ್ಟು ಕೆಲಸ 14 ನಿಮಿಷದ್ದೇ. ಹಾಗಾದರೆ ವ್ಯತ್ಯಾಸ ಎಲ್ಲಿ? ಮೊದಲ ಲೆಕ್ಕವನ್ನು ಇನ್ನೊಮ್ಮೆ ನೋಡಿ. ಎರಡನೇ ನಿಮಿಷಕ್ಕೇ ಎರಡನೇ ಕೌಂಟರ್ ಖಾಲಿ. ಅಲ್ಲಿನ ಕ್ಯಾಶಿಯರ್ ಸುಮ್ನೆ ಕೂತಿದ್ದಾರೆ, ಇಲ್ಲಿ ಇ ಮತ್ತು ಉ ಅ ಅವರ ಬೆನ್ನು ನೋಡುತ್ತಾ ನಿಂತಿದ್ದಾರೆ. ಒಂದೇ ಕ್ಯೂ ಕೌಂಟರಿನ ವೇಗ ಹೆಚ್ಚಿಸುವುದಿಲ್ಲ. ಕ್ಯೂನಲ್ಲಿ ಜನ ಇರುವಾಗ ಕೌಂಟರ್ ಖಾಲಿ ಕೂರಲು ಬಿಡುವುದಿಲ್ಲ, ಅಷ್ಟೇ. ನನಗೆ ಹೊಳೆಯದೆ ಇದ್ದದ್ದು ಇದೊಂದೇ.

ಆದರೆ ಇ ನಿಜವಾಗಿ ಹಾಗೆ ನಿಲ್ತಾರಾ? ಪಕ್ಕದ ಕ್ಯೂಗೆ ಹಾರುತ್ತಾರೆ ಅಲ್ವಾ! ಹಾರಿದರೆ ವ್ಯತ್ಯಾಸ ತುಂಬಾ ಕಡಿಮೆಯಾಗುತ್ತದೆ. ಆಗ ಉಳಿಯುವ ಜಗಳ ನ್ಯಾಯದ್ದು: ಮೊದಲು ಬಂದವರಿಗೇ ಮೊದಲು ಸಿಗುವ ಖಾತರಿ ಇರುವುದಿಲ್ಲ. ಪರೀಕ್ಷೆಯ ಉತ್ತರದಲ್ಲಿ ಈ ಸಾಲು ಬಿಡಬೇಡಿ.

ಇನ್ನೊಂದು ಸಮಾಧಾನ. ಒಂದೇ ತರಹದ ಮೂರು ಕ್ಯೂ ಇದ್ದರೆ ನಮ್ಮದೇ ಎಲ್ಲಕ್ಕಿಂತ ಬೇಗ ಸಾಗುವ ಸಾಧ್ಯತೆ ಮೂರರಲ್ಲಿ ಒಂದು. ಪಕ್ಕದ ಯಾವುದೋ ಒಂದು ಬೇಗ ಹೋಗುವುದು ಹಣೆಬರಹವಲ್ಲ, ಗಣಿತ.

ಟ್ರಾಲಿಗೂ ಒಂದೇ ಕ್ಯೂ ಯಾಕಿಲ್ಲ ಅಂದರೆ ಜಾಗದ ತಾಪತ್ರಯ. ಹದಿನೈದು ಟ್ರಾಲಿ ಸಾಲಾಗಿ ನಿಂತರೆ ಕಪಾಟುಗಳ ನಡುವಿನ ದಾರಿಯೇ ಬಂದ್.

ಸೆಲ್ಫ್ ಚೆಕ್‌ಔಟ್

1980ರ ದಶಕದಲ್ಲಿ ಅಮೆರಿಕದಲ್ಲಿ ಶುರು. ಅನೇಕ ಯಂತ್ರಗಳಲ್ಲಿ ಚೀಲ ಇಡುವ ಕಟ್ಟೆಯ ಕೆಳಗೆ ತಕ್ಕಡಿ ಇರುತ್ತದೆ. ಸ್ಕ್ಯಾನ್ ಮಾಡಿದ ವಸ್ತುವಿನ ತೂಕಕ್ಕೂ ಇಟ್ಟದ್ದರ ತೂಕಕ್ಕೂ ತಾಳೆಯಾಗದಿದ್ದರೆ ಯಂತ್ರ ನಿಲ್ಲುತ್ತದೆ, ಸಹಾಯಕರನ್ನು ಕರೆಯಲು ದೀಪ ಹತ್ತುತ್ತದೆ. ಅಮೆಜಾನ್ 2018ರಲ್ಲಿ ಸಿಯಾಟಲ್‌ನಲ್ಲಿ ಕ್ಯಾಮೆರಾ ಮತ್ತು ಸೆನ್ಸರ್ ನಂಬಿಕೊಂಡು ಕೌಂಟರೇ ಇಲ್ಲದ ಅಂಗಡಿಯನ್ನು ಸಾರ್ವಜನಿಕರಿಗೆ ತೆರೆಯಿತು. ಇದು ಒಂದು ಅಂಕದ ಪ್ರಶ್ನೆ.

ನನಗೆ ಆ ದೀಪವೇ ಇಷ್ಟ. ಆರು ಯಂತ್ರ, ಒಬ್ಬರೇ ಸಹಾಯಕಿ ಅಂದುಕೊಳ್ಳಿ. ಮೂರು ಕಡೆ ಒಟ್ಟಿಗೆ ದೀಪ ಹತ್ತಿದರೆ ಆ ಮೂರೂ ಗಿರಾಕಿಗಳು ಕಾಯುತ್ತಿರುವುದು ಯಂತ್ರಕ್ಕಲ್ಲ, ಆ ಸಹಾಯಕಿಗೆ. ಅಂದರೆ ಒಂದೇ ಕೌಂಟರಿನ ಇನ್ನೊಂದು ಕ್ಯೂ. ಯಾರೂ ಸಾಲಾಗಿ ನಿಂತಿಲ್ಲವಲ್ಲ, ಅದಕ್ಕೇ ಕಣ್ಣಿಗೆ ಬೀಳುವುದಿಲ್ಲ. ಮೇಲಿನ ಅ-ಆ-ಇ ಲೆಕ್ಕಕ್ಕೆ ಇದನ್ನೂ ಸೇರಿಸಿ ಒಮ್ಮೆ ಮಾಡಿ ನೋಡಿ. ನನ್ನದು ಇನ್ನೂ ಅರ್ಧಕ್ಕೆ ನಿಂತಿದೆ.