ಪವರ್ ಸ್ಟೀರಿಂಗ್‌ಗೆ ಯಾವ ಆಯಿಲ್?

ಆಯಿಲ್ ಕೊಳ್ಳುವ ಮುಂಚೆ ಬಾನೆಟ್ ಎತ್ತಿ ನೋಡಿ. ಈಗ ಬರುವ ಬಹುಪಾಲು ಸಣ್ಣ ಕಾರುಗಳಲ್ಲಿ ಸ್ಟೀರಿಂಗ್‌ಗೆ ನೆರವಾಗುವುದು ವಿದ್ಯುತ್ ಮೋಟಾರು. ಅಲ್ಲಿ ಸ್ಟೀರಿಂಗ್ ಆಯಿಲ್ ತುಂಬುವ ಡಬ್ಬಿಯೂ ಇಲ್ಲ, ಆಯಿಲೂ ಇಲ್ಲ. ಕ್ವಾಲಿಸ್, ಹಳೆಯ ಇನೋವಾದಂಥ ಗಾಡಿಗಳಲ್ಲಿ ಎಂಜಿನ್ ಬೆಲ್ಟು ತಿರುಗಿಸುವ ಪಂಪು ಇರುತ್ತದೆ. ಆಯಿಲ್ ಬೇಕಾಗುವುದು ಇಂಥವಕ್ಕೆ.

ಕೊಡಗಿನಲ್ಲಿ ಈ ಪಂಪಿಗೆ ಬಿಡುವು ಕಡಿಮೆ. ನೇರ ರಸ್ತೆಯಲ್ಲಿ ವೇಗವಾಗಿ ಹೋಗುವಾಗ ಅದಕ್ಕೆ ಹೆಚ್ಚು ಕೆಲಸವಿಲ್ಲ. ಸಂಪಾಜೆ ಘಾಟಿಯ ತಿರುವಿನಲ್ಲಿ ನಿಧಾನವಾಗಿ ಹತ್ತುವಾಗ, ಕಾಫಿ ಮೂಟೆ ಹೇರಿಕೊಂಡು ಕಣದಲ್ಲಿ ಗಾಡಿ ಹಿಂದೆ ಮುಂದೆ ಮಾಡುವಾಗ ಒತ್ತಡ ಏರುತ್ತದೆ. ಸ್ಟೀರಿಂಗನ್ನು ಕೊನೆಯವರೆಗೆ ತಿರುಗಿಸಿ ಹಿಡಿದರೆ ಒತ್ತಡ ಹಲವು ಗಾಡಿಗಳಲ್ಲಿ 80–100 ಬಾರ್ ದಾಟುತ್ತದೆ. ಆಗ ಮಿತಿಮೀರಿದ ಒತ್ತಡ ಇಳಿಸುವ ರಿಲೀಫ್ ವಾಲ್ವ್ ತೆರೆದು, ಆಯಿಲ್ ಪಂಪಿನೊಳಗೇ ಕಿರಿದಾದ ದಾರಿಯಲ್ಲಿ ಸುತ್ತುತ್ತಾ ಬೇಗನೆ ಕಾಯುತ್ತದೆ. ಹಾಗೆ 5 ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ, ಕೂದಲೆಳೆಯಷ್ಟು ಹಿಂದಕ್ಕೆ ಬಿಟ್ಟರೂ ಸಾಕು. ಪದೇ ಪದೇ ಕಾದ ಆಯಿಲ್ ಕಪ್ಪಾಗಿ, ಸುಟ್ಟ ವಾಸನೆ ಹೊಡೆಯುತ್ತದೆ.

ಈಗ ಆಯ್ಕೆ. ಡಬ್ಬಿಯ ಮುಚ್ಚಳ ಅಥವಾ ಗಾಡಿಯ ಕೈಪಿಡಿಯಲ್ಲಿ ಬರೆದದ್ದೇ ಅಂತಿಮ, ಬಣ್ಣವಲ್ಲ. ಟೊಯೊಟಾದ ಹಳೆಯ ಗಾಡಿಗಳು ಕೇಳುವುದು ಕೆಂಪು ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್), ಅಂದರೆ ಜನರಲ್ ಮೋಟರ್ಸ್ ಮಾನದಂಡದ ಡೆಕ್ಸ್ರಾನ್-2 ಅಥವಾ 3. ಹೋಂಡಾಗೆ ಅದರದೇ ಪವರ್ ಸ್ಟೀರಿಂಗ್ ಫ್ಲೂಯಿಡ್. ಎಟಿಎಫ್ ಹಾಕಬಾರದು ಎಂದು ಕಂಪನಿಯೇ ಹೇಳುತ್ತದೆ. ಹಲವು ಜರ್ಮನ್ ಕಾರುಗಳಿಗೆ ಬೇಕಾದದ್ದು ಹಸಿರು ಸಿಂಥೆಟಿಕ್ ಆಯಿಲ್, ಸಿಎಚ್‌ಎಫ್ 11ಎಸ್ (ಒಂದು ಹೈಡ್ರಾಲಿಕ್ ಆಯಿಲಿನ ಹೆಸರು) ವರ್ಗದ್ದು. 40 ಡಿಗ್ರಿಯಲ್ಲಿ ಇದು ಎಟಿಎಫ್‌ಗಿಂತ ಸಾಕಷ್ಟು ತೆಳು. ಒಂದರ ಜಾಗಕ್ಕೆ ಇನ್ನೊಂದು ಸುರಿದರೆ ಪಂಪು ಮೊದಲ ದಿನವೇ ಕೆಡಲಿಕ್ಕಿಲ್ಲ. ಆದರೆ ರಬ್ಬರ್ ಸೀಲುಗಳು ನಿಧಾನವಾಗಿ ಉಬ್ಬಿ ಅಥವಾ ಗಡುಸಾಗಿ ಸೋರತೊಡಗುತ್ತವೆ. ಚಕ್ರಗಳನ್ನು ತಿರುಗಿಸುವ ಸ್ಟೀರಿಂಗ್ ರ್ಯಾಕಿನ ಸೀಲು ಹೋದರೆ ಖರ್ಚು ಒಂದು ಲೀಟರ್ ಆಯಿಲಿನ ಎಷ್ಟೋ ಪಾಲು.

ಡೆಕ್ಸ್ರಾನ್-3ಕ್ಕೆ ಜನರಲ್ ಮೋಟರ್ಸ್ ಪರವಾನಗಿ ಕೊಡುವುದು 2006ರ ಕೊನೆಗೇ ನಿಂತಿದೆ. ಇಂದು ಆ ಹೆಸರಿನಲ್ಲಿ ಸಿಗುವ ಆಯಿಲಿಗೆ ತಯಾರಕರ ಮಾತೇ ಆಧಾರ. ಆದ್ದರಿಂದ ಹೆಸರುವಾಸಿ ಬ್ರ್ಯಾಂಡಿನ, ಸೀಲು ಒಡೆಯದ ಡಬ್ಬಿಯನ್ನೇ ಕೊಳ್ಳಿ. ಬಿಡಿಯಾಗಿ ಅಳೆದು ಕೊಡುವ ಆಯಿಲ್ ಬೇಡ.

ಬ್ರೇಕ್ ಆಯಿಲ್ ಮಾತ್ರ ಯಾವ ಕಾರಣಕ್ಕೂ, ಒಂದು ಮುಚ್ಚಳದಷ್ಟೂ ಬೇಡ. ಅದು ಗ್ಲೈಕಾಲ್ ಜಾತಿಯದು, ಸ್ಟೀರಿಂಗಿನ ನೈಟ್ರೈಲ್ ರಬ್ಬರನ್ನು ಹಾಳುಮಾಡುತ್ತದೆ. ತಪ್ಪಿ ಸುರಿದಿದ್ದರೆ ಎಂಜಿನ್ ಸ್ಟಾರ್ಟ್ ಮಾಡದೆ ಡಬ್ಬಿಯಿಂದ ಎಲ್ಲವನ್ನೂ ಹೀರಿ ತೆಗೆಸಿ.

ಬದಲಿಸಲು ಒಂದರಿಂದ ಒಂದೂವರೆ ಲೀಟರ್ ಆಯಿಲ್ ಇಟ್ಟುಕೊಳ್ಳಿ. ಮುಂದಿನ ಚಕ್ರಗಳನ್ನು ಜಾಕಿಯಿಂದ ಎತ್ತಿ, ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಡಬ್ಬಿಗೆ ಮರಳುವ ಹೋಸ್ ಬಿಚ್ಚಿ ಬಾಟಲಿಗೆ ಇಳಿಬಿಡಿ, ಡಬ್ಬಿಯ ಆ ಬಾಯಿ ಮುಚ್ಚಿ. ಎಂಜಿನ್ ಆಫ್ ಇಟ್ಟೇ ಸ್ಟೀರಿಂಗನ್ನು ಆ ತುದಿಯಿಂದ ಈ ತುದಿಗೆ ತಿರುಗಿಸುತ್ತಾ ಹೊಸದನ್ನು ತುಂಬುತ್ತಿರಿ; ಡಬ್ಬಿ ಖಾಲಿಯಾಗಲು ಬಿಡಬೇಡಿ. ಸ್ವಚ್ಛವಾದ ಆಯಿಲ್ ಬಂದ ಮೇಲೆ ಹೋಸ್ ಜೋಡಿಸಿ, ಇನ್ನೂ ಹದಿನೈದು ಇಪ್ಪತ್ತು ಬಾರಿ ತಿರುಗಿಸಿ ಗಾಳಿ ಹೊರಹಾಕಿ. ಆಮೇಲಷ್ಟೇ ಸ್ಟಾರ್ಟ್. ಆಫ್ ಮಾಡಿದಾಗ ಮಟ್ಟ 5 ಮಿಲಿಮೀಟರಿಗಿಂತ ಹೆಚ್ಚು ಏರಿದರೆ, ನೊರೆ ಕಂಡರೆ, ಗಾಳಿ ಇನ್ನೂ ಇದೆ.

ಶಬ್ದಗಳನ್ನೂ ಬೇರೆ ಮಾಡಿ ಕೇಳಿ. ಮಳೆಗಾಲದ ಬೆಳಗ್ಗೆ ಕಿರ್ರೆಂದು ಕಿರುಚಿ, ಸ್ವಲ್ಪ ಹೊತ್ತಿಗೆ ಸುಮ್ಮನಾದರೆ ಅದು ಒದ್ದೆಯಾಗಿ ಜಾರುವ ಬೆಲ್ಟು. ಆಯಿಲ್ ಬದಲಿಸಿ ಪ್ರಯೋಜನವಿಲ್ಲ. ತಿರುಗಿಸಿದಂತೆ ಗುಂಯ್‌ಗುಟ್ಟಿದರೆ ಆಯಿಲ್ ಕಮ್ಮಿ ಅಥವಾ ಗಾಳಿ ಸೇರಿದೆ. ಎಲ್ಲೂ ಸೋರಿಕೆ ಕಾಣದೆ ನೊರೆ ಬರುತ್ತಿದ್ದರೆ ಡಬ್ಬಿಯಿಂದ ಪಂಪಿಗೆ ಹೋಗುವ ಹೋಸಿನ ಕ್ಲಿಪ್, ಒ-ರಿಂಗ್ (ಜೋಡಣೆಯ ರಬ್ಬರ್ ಬಳೆ) ನೋಡಿ. ಅಲ್ಲಿ ಪಂಪು ಹೀರುತ್ತಿರುವುದರಿಂದ ಆಯಿಲ್ ಹೊರಬರುವ ಬದಲು ಗಾಳಿ ಒಳಗೆ ಹೋಗುತ್ತದೆ.