ವಿಕಟಕವಿಯನ್ನು ಉಲ್ಟಾ ಓಡಿಸಿದರೆ: 60ರ ದಶಕದ ಸೈಕೆಡೆಲಿಕ್ ರಾಕ್, ನನ್ನ ಟಿಪ್ಪಣಿ

ಮೊದಲೇ ಹೇಳಿಬಿಡುತ್ತೇನೆ, ನಾನು ಈ ಹಾಡುಗಳನ್ನು ಮೊದಲ ಸಲ ಕೇಳಿದ್ದು ಬಲಗಡೆ ಸತ್ತುಹೋಗಿದ್ದ ಇಯರ್‌ಫೋನ್‌ನಲ್ಲಿ. ಈಗಿನ ಹಾಡುಗಳಿಗೆ ಅದರಿಂದ ಅಂಥ ತೊಂದರೆ ಇಲ್ಲ, ದನಿ ನಡುವೆ ಇರುತ್ತದೆ, ಒಂದು ಕಿವಿಯಲ್ಲೂ ಹಾಡು ಸಿಗುತ್ತದೆ. ಹಾಗೇ ಇರುತ್ತದೆ ಅಂದುಕೊಂಡು ಇಂಗ್ಲೆಂಡಿನ ರಾಕ್ ತಂಡ ಬೀಟಲ್ಸ್‌ನ 'ರಿವಾಲ್ವರ್' ಆಲ್ಬಮ್ (1966 ಆಗಸ್ಟ್ 5) ಹಾಕಿದೆ. ಎರಡನೇ ಹಾಡು 'ಎಲಿನಾರ್ ರಿಗ್ಬಿ'. ಪಿಟೀಲುಗಳು ಚೆನ್ನಾಗಿ ಬರುತ್ತಿವೆ, ಚರಣ ಶುರುವಾಯಿತು, ಹಾಡುಗಾರ ಪಾಲ್ ಮೆಕಾರ್ಟ್ನಿ ಒಂದು ಪದ ಹಾಡಿ ನಾಪತ್ತೆ! ವಾದ್ಯಗಳಷ್ಟೇ ಉಳಿದವು. ಎಂಥಾ ಪ್ರಯೋಗ ಮಾಡಿದ್ದಾರಪ್ಪ ಅಂತ ಎರಡು ದಿನ ಬೆರಗಾಗಿದ್ದೆ. ಆಮೇಲೆ ಗೊತ್ತಾಯಿತು, ಹಳೆಯ ಸ್ಟೀರಿಯೋ (ಎಡಕ್ಕೊಂದು, ಬಲಕ್ಕೊಂದು ಶಬ್ದ) ಮಿಕ್ಸ್‌ನಲ್ಲಿ ಚರಣದ ದನಿಯನ್ನು ಪೂರ್ತಿ ಬಲಕ್ಕೆ ಇಟ್ಟಿದ್ದಾರೆ. ಆಗ ಜಾಸ್ತಿ ಜನ ಕೇಳುತ್ತಿದ್ದದ್ದು ಮೋನೋದಲ್ಲಿ (ಎರಡೂ ಕಡೆ ಒಂದೇ ಶಬ್ದ), ಸ್ಟೀರಿಯೋ ಬಗ್ಗೆ ಯಾರಿಗೂ ಅಷ್ಟು ತಲೆಬಿಸಿ ಇರಲಿಲ್ಲ. ಹಾಗಾಗಿ ಮೊದಲು ನಿಮ್ಮ ಎರಡೂ ಕಿವಿ ಕೆಲಸ ಮಾಡುತ್ತಿವೆಯಾ ನೋಡಿಕೊಳ್ಳಿ.

'ಸೈಕೆಡೆಲಿಕ್' ಪದ ಹುಟ್ಟಿಸಿದ್ದು ಹಂಫ್ರಿ ಆಸ್ಮಂಡ್ ಅನ್ನುವ ಮನೋವೈದ್ಯ, 50ರ ದಶಕದಲ್ಲಿ. ಗ್ರೀಕ್ ಮೂಲದ್ದು, ಮನಸ್ಸನ್ನು ತೆರೆದು ತೋರಿಸುವಂಥದ್ದು ಅಂತ ಅರ್ಥ. ಎಲ್‌ಎಸ್‌ಡಿ ಅನ್ನುವ ಮಾದಕವಸ್ತುವಿನ ಕಥೆ ಎಲ್ಲರಿಗೂ ಗೊತ್ತು, ಅದನ್ನು ಬಿಡುತ್ತೇನೆ. ನನಗೆ ಬೇಕಿದ್ದದ್ದು, ಈ ಹಾಡುಗಳ ವಿಚಿತ್ರ ಶಬ್ದಗಳನ್ನು ಮಾಡಿದ್ದು ಹೇಗೆ ಅನ್ನೋದು.

ಶ್ರುತಿ

ಈ ಭಾಗ ನಮಗೆ ಸಲೀಸು. 'ರಿವಾಲ್ವರ್'ನ ಕೊನೆಯ ಹಾಡು 'ಟುಮಾರೋ ನೆವರ್ ನೋಸ್' ಹಾಕಿದ ಅರ್ಧ ನಿಮಿಷಕ್ಕೆ ಅಡುಗೆಮನೆಯಿಂದ ಅಮ್ಮ, "ಶ್ರುತಿ ಹಾಕಿಟ್ಟು ಎಲ್ಲಿಗೆ ಎದ್ದು ಹೋದ್ಯೋ?" ಅಂದರು. ಅವರ ಕಿವಿಗೆ ಬಿದ್ದದ್ದು ತಂಬೂರಿಯೇ. ಹಾಡು ಪೂರ್ತಿ ಒಂದೇ ಸ್ವರದ ಮೇಲೆ, ಅಂದರೆ ಪಾಶ್ಚಾತ್ಯ ಸಂಗೀತದ ಸಿ ಮೇಲೆ, ನಿಂತಿದೆ. ನಡುನಡುವೆ ಬಿ ಫ್ಲ್ಯಾಟ್ ಬಂದು ಹೋಗುತ್ತದೆ. ಸಿ ಷಡ್ಜ ಆದರೆ ಅದು ಕೈಶಿಕಿ ನಿಷಾದ. ಹಾಡುವ ದನಿಯ ಸ್ವರಗಳು ಕರ್ನಾಟಕ ಸಂಗೀತದ ಹರಿಕಾಂಭೋಜಿ ಮೇಳದೊಳಗೆ ಕೂರುತ್ತವೆ (ರಾಗ ಅಂತ ಮಾತ್ರ ಅನ್ನಬೇಡಿ, ಗಮಕ ಒಂದೂ ಇಲ್ಲ). ಸಾಲಿಗೆ ಮೂರು ಸಲ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬದಲಾಗುವ ಪಾಪ್ ಹಾಡು ಕೇಳಿದವರಿಗೆ ಇದು ತಲೆ ತಿರುಗಿಸುವ ವಿಷಯ, ನಮಗೆ ಸುಮ್ನೆ ಶ್ರುತಿ.

ಉಲ್ಟಾ ಟೇಪು (ನಾನು ಎಡವಿದ್ದು ಇಲ್ಲೇ)

ರೆಕಾರ್ಡ್ ಮಾಡಿದ ಟೇಪನ್ನು ಉಲ್ಟಾ ಓಡಿಸುತ್ತಿದ್ದರು ಅಂತ ಎಲ್ಲ ಕಡೆ ಓದಿದೆ. ನಾನು ಅರ್ಥ ಮಾಡಿಕೊಂಡದ್ದು: 'ಸ ರಿ ಗ ಮ' ನುಡಿಸಿ ತಿರುಗಿಸಿದರೆ 'ಮ ಗ ರಿ ಸ' ಬರುತ್ತದೆ, ಅಂದರೆ ಆರೋಹಣ ಹೋಗಿ ಅವರೋಹಣ. ಇದರಲ್ಲೇನು ದೊಡ್ಡ ವಿಷಯ, ಸೀದಾ ಅವರೋಹಣವನ್ನೇ ನುಡಿಸಬಹುದಿತ್ತಲ್ಲ? ಒಂದು ವಾರ ಈ ಪ್ರಶ್ನೆಯಲ್ಲೇ ಕೂತಿದ್ದೆ.

ಬಿಡಿಸಿದ್ದು ವಿಕಟಕವಿ. ಹಿಂದಿನಿಂದ ಓದಿದರೂ ವಿಕಟಕವಿಯೇ, ಅಲ್ವಾ? ಫೋನಿನಲ್ಲಿ 'ವಿಕಟಕವಿ' ಅಂತ ರೆಕಾರ್ಡ್ ಮಾಡಿ, ಕಂಪ್ಯೂಟರಿಗೆ ಹಾಕಿ, ಆಡಾಸಿಟಿ ಅನ್ನುವ ಧ್ವನಿ ತಿದ್ದುವ ಸಾಫ್ಟ್‌ವೇರ್‌ನಲ್ಲಿ ರಿವರ್ಸ್ ಒತ್ತಿದೆ. ಬಂದದ್ದು 'ಇವಕಟಕಿವ್' ಅನ್ನುವಂಥ ಏನೋ ಒಂದು. ಯಾಕೆ? ಕಾಗದದ ಮೇಲೆ ನಾವು ತಿರುಗಿಸುವುದು ಅಕ್ಷರಗಳ ಸಾಲನ್ನು, ಪ್ರತಿ ಅಕ್ಷರ ಇದ್ದ ಹಾಗೇ ಇರುತ್ತದೆ. ಟೇಪು ಅಕ್ಷರದ ಒಳಗನ್ನೂ ತಿರುಗಿಸುತ್ತದೆ. 'ವಿ' ಅಂದರೆ ಮೊದಲು ವ್, ಆಮೇಲೆ ಇ. ತಿರುಗಿಸಿದರೆ ಮೊದಲು ಇ, ಆಮೇಲೆ ವ್. ದಯವಿಟ್ಟು ಇದನ್ನು ಮಾಡಿ ನೋಡಿ, ಓದಿದರೆ ತಲೆಗೆ ಹೋಗುವುದಿಲ್ಲ.

ಸ್ವರಕ್ಕೂ ಇದೇ ಲೆಕ್ಕ. ದೇವಸ್ಥಾನದ ಗಂಟೆ ಹೊಡೆದರೆ 'ಢಣ್' ಅಂತ ಜೋರಾಗಿ ಶುರುವಾಗಿ ಣ್ಣ್ಣ್ ಅಂತ ಕರಗುತ್ತದೆ. ಗಿಟಾರ್ ತಂತಿ ಮೀಟಿದರೂ ಹಾಗೇ, ಪೆಟ್ಟು ಮೊದಲು, ಕರಗುವುದು ಆಮೇಲೆ. ಉಲ್ಟಾ ಓಡಿಸಿದರೆ ಏನೂ ಇಲ್ಲದ ಕಡೆಯಿಂದ ನಾದ ಹುಟ್ಟಿ, ಊದಿಕೊಂಡು ಊದಿಕೊಂಡು ಬಂದು, ಪೆಟ್ಟು ಇರುವ ಜಾಗದಲ್ಲಿ ಟಪ್ ಅಂತ ನಿಲ್ಲುತ್ತದೆ. ಅವರೋಹಣ ನುಡಿಸಿದರೆ ಪ್ರತಿ ಸ್ವರಕ್ಕೂ ಪೆಟ್ಟು ಮೊದಲೇ ಇರುತ್ತದೆ, ಈ ಊದುವಿಕೆ ಎಷ್ಟು ಒದ್ದಾಡಿದರೂ ಬರುವುದಿಲ್ಲ. ನನ್ನ ಅಡ್ಡದಾರಿ: ಸ್ಟೀಲ್ ತಟ್ಟೆಗೆ ಚಮಚದಿಂದ ಹೊಡೆದು ರೆಕಾರ್ಡ್ ಮಾಡಿ ತಿರುಗಿಸಿ. ಒಂದೇ ಪೆಟ್ಟಿಗೆ ಇಡೀ ಪಾಠ ಮುಗಿಯುತ್ತದೆ.

ಇದು ಗೊತ್ತಾದ ಮೇಲೆ ಅದೇ ಆಲ್ಬಮ್‌ನ 'ಐಯಾಮ್ ಓನ್ಲಿ ಸ್ಲೀಪಿಂಗ್' ಕೇಳಿ. 1966 ಮೇ 5ರಂದು ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ಅದಕ್ಕೆ ಗಿಟಾರ್ ನುಡಿಸಿದ. ಸುಮ್ನೆ ಏನೋ ನುಡಿಸಿ ತಿರುಗಿಸಲಿಲ್ಲ. ಕೊನೆಗೆ ಯಾವ ಸ್ವರಗಳು ಕೇಳಬೇಕು ಅಂತ ಮೊದಲು ಗೊತ್ತುಮಾಡಿಕೊಂಡು, ಅದನ್ನು ಹಿಂದಿನಿಂದ ಬರೆದುಕೊಂಡ ಹಾಗೆ ನುಡಿಸಿ, ಆಮೇಲೆ ಟೇಪು ತಿರುಗಿಸಿದ್ದು. 'ಇವಕಟಕಿವ್' ಅಂತ ಕಷ್ಟಪಟ್ಟು ಹೇಳಿ 'ವಿಕಟಕವಿ' ಬರಿಸುವ ಹಾಗೆ. ನಾನು ನನ್ನ ಹೆಸರಿಗೆ ಇದನ್ನು ಪ್ರಯತ್ನಿಸಿದೆ, ಹನ್ನೊಂದನೇ ಸಲಕ್ಕೆ ರಷ್ಯನ್ ಮಾತಾಡಿದ ಹಾಗೆ ಬಂತು.

ಅದೇ ವರ್ಷದ, ಬೀಟಲ್ಸ್ ತಂಡದ್ದೇ 'ರೇನ್' ಹಾಡಿನ ಕೊನೆಯಲ್ಲಿ ಜಾನ್ ಲೆನನ್ ದನಿಯೇ ಉಲ್ಟಾ ಇದೆ. ಅದರ ವಾದ್ಯಗಳನ್ನು ವೇಗವಾಗಿ ನುಡಿಸಿ ಟೇಪನ್ನು ನಿಧಾನ ಮಾಡಿದ್ದಾರೆ. ಸೆಲ್ ಇಳಿದ ಟೇಪ್ ರೆಕಾರ್ಡರ್ ನೆನಪಿದ್ದವರಿಗೆ ವಿವರಿಸಬೇಕಿಲ್ಲ, ಶ್ರುತಿ ಇಳಿದು ದನಿ ದಪ್ಪಗಾಗುತ್ತದಲ್ಲ, ಅದೇ. ಈಗಿನ ಫೋನಿನಲ್ಲಿ ವೇಗ ಕಮ್ಮಿ ಮಾಡಿದರೆ ಶ್ರುತಿ ಇಳಿಯುವುದಿಲ್ಲ, ಅದರಲ್ಲಿ ಪರೀಕ್ಷೆ ಮಾಡಿ ಗೊಂದಲ ಮಾಡಿಕೊಳ್ಳಬೇಡಿ.

ಲೂಪು

ಟೇಪಿನ ತುಂಡಿನ ಬಾಲವನ್ನು ತಲೆಗೆ ಅಂಟಿಸಿದರೆ ಬಳೆ. ಅದೇ ಶಬ್ದ ಸುತ್ತುತ್ತಾ ಇರುತ್ತದೆ. ಇಷ್ಟೇ. 'ಟುಮಾರೋ ನೆವರ್ ನೋಸ್'ಗೆ ಇಂಥ ಐದು ಬಳೆ. ಲಂಡನ್ನಿನ ಆಬಿ ರೋಡ್ ರೆಕಾರ್ಡಿಂಗ್ ಸ್ಟುಡಿಯೋ ಕಟ್ಟಡದ ಬೇರೆ ಬೇರೆ ಟೇಪ್ ಮೆಷಿನ್‌ಗಳಲ್ಲಿ ಹಾಕಿ, ಟೇಪು ಸಡಿಲವಾಗದ ಹಾಗೆ ಸಿಬ್ಬಂದಿ ಪೆನ್ಸಿಲ್ ತೂರಿಸಿ ಎಳೆದು ಹಿಡಿದು ನಿಂತಿದ್ದರು. ಈ ಕಡೆ ಮಿಕ್ಸರ್‌ನಲ್ಲಿ ಯಾವಾಗ ಯಾವುದನ್ನು ಎತ್ತಿದರೋ ಅದು ರೆಕಾರ್ಡ್ ಆಯಿತು. ಕಡಲಹಕ್ಕಿ ಕೂಗಿದ ಹಾಗೆ ಬರುತ್ತದಲ್ಲ, ಅದು ಹಕ್ಕಿಯಲ್ಲ, ವೇಗ ಹೆಚ್ಚಿಸಿದ ಪಾಲ್‌ನ ನಗು. ನಾನು ನವಿಲು ಅಂತ ಬರೆದುಕೊಂಡಿದ್ದೆ.

ಡ್ರಮ್ಮಿನ ಆ ಧಬ್ ಧಬ್‌ಗೆ ಕಾರಣ ಒಂದು ಉಣ್ಣೆ ಸ್ವೆಟರ್. ಇಂಜಿನಿಯರ್ ಜೆಫ್ ಎಮೆರಿಕ್, ಆಗಿನ್ನೂ 20 ವರ್ಷ, ಅದನ್ನು ದೊಡ್ಡ ಡ್ರಮ್ಮಿನೊಳಗೆ ತುರುಕಿ ಮೈಕನ್ನು ಹತ್ತಿರಕ್ಕೆ ತಂದ.

ಫ್ಯಾನಿನ ಮುಂದೆ

ಟೇಬಲ್ ಫ್ಯಾನ್ ಮುಂದೆ ಕೂತು 'ಆ...' ಅಂದಿಲ್ಲದ ಮಗು ಇಲ್ಲ. 'ಟುಮಾರೋ ನೆವರ್ ನೋಸ್' ಹಾಡಿನ ಎರಡನೇ ಅರ್ಧದಲ್ಲಿ ಲೆನನ್ ದನಿ ಹೆಚ್ಚುಕಮ್ಮಿ ಹಾಗೇ ನಡುಗುತ್ತದೆ. ಬೆಟ್ಟದ ತುದಿಯಿಂದ ದಲೈ ಲಾಮಾ ಮಂತ್ರ ಹೇಳಿದ ಹಾಗೆ ಕೇಳಬೇಕು ಅನ್ನುವುದು ಅವನ ಆಸೆ. ಹ್ಯಾಮಂಡ್ ಆರ್ಗನ್ ಜೊತೆ ಬಳಸುವ ಲೆಸ್ಲಿ ಸ್ಪೀಕರ್ ಪೆಟ್ಟಿಗೆಯೊಳಗೆ ದನಿ ಹೊರಡುವ ಕೊಳವೆಯೇ ಗಿರಗಿರ ತಿರುಗುತ್ತದೆ, ದನಿಯನ್ನು ಅದಕ್ಕೆ ಕಳಿಸಿ ಮತ್ತೆ ರೆಕಾರ್ಡ್ ಮಾಡಿದರು. ಫ್ಯಾನು ದನಿಯನ್ನು ಕತ್ತರಿಸುತ್ತದೆ, ಲೆಸ್ಲಿ ದನಿಯನ್ನು ಹತ್ತಿರ ತಂದು ದೂರ ಒಯ್ಯುತ್ತದೆ. ಆಂಬುಲೆನ್ಸ್ ಹಾದುಹೋಗುವಾಗ ಸೈರನ್ನಿನ ಶ್ರುತಿ ಏರಿ ಇಳಿಯುತ್ತದಲ್ಲ, ಅದು ಸೆಕೆಂಡಿಗೆ ಕೆಲವು ಸಲ ಆದ ಹಾಗೆ.

ಉಳಿದವರು, ಬೇಗ ಬೇಗ

ಬರ್ಡ್ಸ್ ತಂಡ, 'ಏಟ್ ಮೈಲ್ಸ್ ಹೈ', 1966. ಹನ್ನೆರಡು ತಂತಿಯ ಗಿಟಾರಿನಲ್ಲಿ ಜಾಜ್ ಸಂಗೀತಗಾರ ಜಾನ್ ಕೋಲ್ಟ್ರೇನ್‌ನ ಸ್ಯಾಕ್ಸೋಫೋನ್ ತರಲು ಹೊರಟದ್ದು. ರವಿಶಂಕರ್ ಪ್ರಭಾವವೂ ಇದೆ, ಹುಡುಕಿದರೆ ಸಿಗುತ್ತದೆ. ಜೆಫರ್ಸನ್ ಏರ್‌ಪ್ಲೇನ್‌ನ 'ವೈಟ್ ರ‍್ಯಾಬಿಟ್', 1967, ಎರಡೂವರೆ ನಿಮಿಷ, ಶುರುವಿಂದ ಕೊನೆವರೆಗೆ ಏರುತ್ತಲೇ ಹೋಗುತ್ತದೆ, ಕೇಳಲು ಎಲ್ಲಕ್ಕಿಂತ ಸುಲಭ. ಗಿಟಾರಿಸ್ಟ್ ಜಿಮಿ ಹೆಂಡ್ರಿಕ್ಸ್‌ಗೆ ಬೇರೆ ಟಿಪ್ಪಣಿ ಬೇಕು.

ಪಿಂಕ್ ಫ್ಲಾಯ್ಡ್‌ನ ಮೊದಲ ಆಲ್ಬಮ್ 1967 ಆಗಸ್ಟ್‌ನಲ್ಲಿ ಬಂತು. ಮಾಡಿದ್ದು ಅದೇ ಆಬಿ ರೋಡ್‌ನಲ್ಲಿ, ನಿರ್ಮಾಪಕ ನಾರ್ಮನ್ ಸ್ಮಿತ್ ಹಿಂದೆ ಬೀಟಲ್ಸ್‌ಗೆ ಇಂಜಿನಿಯರ್ ಆಗಿದ್ದವನು. ಅದರಲ್ಲಿ 'ಇಂಟರ್‌ಸ್ಟೆಲ್ಲರ್ ಓವರ್‌ಡ್ರೈವ್', ಒಂಬತ್ತೂವರೆ ನಿಮಿಷಕ್ಕೂ ಜಾಸ್ತಿ, ಸಾಹಿತ್ಯವೇ ಇಲ್ಲ, ಬರೀ ವಾದ್ಯ. ನಡುವಿನ ಭಾಗ ನನಗಿನ್ನೂ ಅರ್ಥವಾಗಿಲ್ಲ. ಸ್ಟೀರಿಯೋದಲ್ಲಿ ಕೊನೆಗೆ ಮೊದಲಿನ ಧಾಟಿ ವಾಪಸ್ ಬರುವಾಗ ಶಬ್ದವನ್ನು ಎಡಕ್ಕೆ ಬಲಕ್ಕೆ ಎಡಕ್ಕೆ ಬಲಕ್ಕೆ ಎಸೆದಾಡುತ್ತಾರೆ. ನನ್ನ ಒಂಟಿಕಿವಿ ಇಯರ್‌ಫೋನ್‌ನಲ್ಲಿ ಅದು ಬಂದು ಹೋಗಿ, ಬಂದು ಹೋಗಿ ಮಾಡುತ್ತಿತ್ತು. ವೈರ್ ಲೂಸ್ ಆಗಿದೆ ಅಂತ ಹಾಡು ಮುಗಿಯುವವರೆಗೂ ಪಿನ್ ತಿರುಗಿಸುತ್ತಾ ಕೂತಿದ್ದೆ.