ಶೀದ್: ದಿಬ್ಬವೂ ಹೌದು, ಶಾಂತಿಯೂ ಹೌದು

ಐರ್ಲೆಂಡಿನ ಪುರಾಣಕಥೆಗಳನ್ನು ಓದಹೊರಟವರಿಗೆ ‘ಶೀ’ ಎಂಬ ಪದ ಬೇಗನೆ ಎದುರಾಗುತ್ತದೆ. ಒಂದು ಕಡೆ ಅದು ಯಕ್ಷರಂಥ ಜನ, ಇನ್ನೊಂದು ಕಡೆ ದಿಬ್ಬ, ಮತ್ತೊಂದು ಕಡೆ ಗಾಳಿ. ಈ ಗೋಜಲಿನ ಬೇರು ವ್ಯಾಕರಣದಲ್ಲಿದೆ.

ಹಳೆಯ ಐರಿಷಿನಲ್ಲಿ ಪದ ‘ಶೀದ್’. ಕೊನೆಯ ದಕಾರ ಇಂಗ್ಲಿಷಿನ ‘ದಿಸ್’ನ ಮೊದಲ ಧ್ವನಿಯಷ್ಟು ಮೃದು. ‘ಕೂರು’ ಎಂಬರ್ಥದ ಇಂಡೋ-ಯುರೋಪಿಯನ್ ಧಾತು ‘ಸೆದ್’ನಿಂದ ಇದು ಹುಟ್ಟಿತು, ಸಂಸ್ಕೃತದ ‘ಸದಸ್’, ನಾವು ಬಳಸುವ ‘ಸದಸ್ಯ’ ಕೂಡ ಅದೇ ಧಾತುವಿನವು. ಐರಿಷ್ ಸೇರಿದ ಕೆಲ್ಟಿಕ್ ಭಾಷಾಕುಟುಂಬದಲ್ಲಿ ದೀರ್ಘ ಏಕಾರ ಈಕಾರವಾಗಿ ‘ಸೀದೊಸ್’ ಆಯಿತು. ಅರ್ಥ ನೆಲೆ; ದೇವತೆಗಳು ನೆಲೆಸಿದ ದಿಬ್ಬ.

‘ಸದಸ್’ನಂತೆ ಇದೂ ಮೂಲದಲ್ಲಿ ಸಕಾರಾಂತ ನಪುಂಸಕ. ಏಕವಚನದ ಪ್ರಥಮಾ, ದ್ವಿತೀಯಾ, ಚತುರ್ಥಿಗೆ ‘ಶೀದ್’, ಷಷ್ಠಿಗೆ ‘ಶೀದೆ’. ಬಹುವಚನದಲ್ಲಿ ಚತುರ್ಥಿಯ ‘ಶೀದಿವ್’ ಬಿಟ್ಟರೆ ಉಳಿದದ್ದೆಲ್ಲ ಮತ್ತೆ ‘ಶೀದೆ’ಯೇ. ಎಡವುವುದು ಇಲ್ಲೇ. ‘ಶೀದೆ’ ಕಂಡರೆ ಹಿಂದಿನ ಪದ ನೋಡಬೇಕು: ‘ಆಯ್ಸ್ ಶೀದೆ’ ದಿಬ್ಬದ ಜನ, ‘ಬೆನ್ ಶೀದೆ’ ದಿಬ್ಬದ ಹೆಣ್ಣು. ಇಂಗ್ಲಿಷಿನ ‘ಬ್ಯಾನ್‌ಶೀ’ ಈ ಎರಡನೆಯದೇ.

7ನೇ ಶತಮಾನದ ಕೊನೆಗೆ ಐರಿಷ್ ಬಿಷಪ್ ತೀರೆಖಾನ್ ಲ್ಯಾಟಿನ್‌ನಲ್ಲಿ ಬರೆದ ಸಂತ ಪ್ಯಾಟ್ರಿಕನ ವೃತ್ತಾಂತದಲ್ಲೇ ಪದ ಸಿಗುತ್ತದೆ. ಬಾವಿಯ ಬಳಿ ಕೂತ ಬಿಷಪ್ಪರನ್ನು ಕಂಡ ಇಬ್ಬರು ರಾಜಕುಮಾರಿಯರು ಇವರು ಶೀದೆಯ ಗಂಡಸರೋ, ಭೂಮಿಯ ದೇವರುಗಳೋ, ಬರೀ ಭ್ರಮೆಯೋ ಎಂದುಕೊಳ್ಳುತ್ತಾರೆ.

ಅದೇ ರೂಪದ ‘ಶೀದ್’ಗೆ ಶಾಂತಿ ಎಂಬರ್ಥವೂ ಇದೆ. ರಾಜಕುಮಾರ ಕೊನ್ಲೆಯ ಪರಲೋಕಯಾತ್ರೆಯ ಹಳೆಯ ಕಥೆಯಲ್ಲಿ ಅಲ್ಲಿಂದ ಬಂದ ಹೆಣ್ಣು, ನಾವಿರುವುದು ಮಹಾ ಶೀದ್‌ನಲ್ಲಿ, ಅದಕ್ಕೇ ನಮ್ಮನ್ನು ಆಯ್ಸ್ ಶೀದೆ ಎನ್ನುತ್ತಾರೆ ಎಂದು ಎರಡರ್ಥವನ್ನೂ ಒಟ್ಟಿಗೆ ನುಡಿಯುತ್ತಾಳೆ. ನಿಘಂಟು ಇವನ್ನು ಎರಡು ಪದವಾಗಿ ಬೇರ್ಪಡಿಸಿದೆ. ಧರ್ಮದಿಂದ ಆಳುವ ರಾಜನಿಗೆ ಅಧಿಕಾರ ಬರುವುದು ಪರಲೋಕದಿಂದ, ಆ ಆಳ್ವಿಕೆಯ ಫಲವೇ ಶಾಂತಿ, ಹಾಗಾಗಿ ಎರಡಕ್ಕೂ ನಂಟಿದೆ ಎಂದು 1970ರ ದಶಕದಲ್ಲಿ ವಿದ್ವಾಂಸ ತೊಮಾಸ್ ಓ ಕಾಹಸಿ ವಾದಿಸಿದರು. ಪಠ್ಯಗಳನ್ನು ಓದಿದಷ್ಟೂ ಈ ವಾದವೇ ಗಟ್ಟಿ ಎನಿಸುತ್ತದೆ. ಐರ್ಲೆಂಡಿನ ಪೊಲೀಸ್ ಪಡೆ ‘ಗಾರ್ಡ ಶೀಖಾನ’ದ ಹೆಸರಿನಲ್ಲಿ ಇಂದಿಗೂ ಆ ಶಾಂತಿಯ ಪದವಿದೆ.

ಮುಂದೆ ನಪುಂಸಕಲಿಂಗ ಅಳಿಯಿತು, ದಕಾರ ಸವೆಯಿತು, 1940ರ ದಶಕದ ಕಾಗುಣಿತ ಸುಧಾರಣೆ ಮೂಕಾಕ್ಷರಗಳನ್ನೂ ತೆಗೆಯಿತು; ಉಳಿದದ್ದು ‘ಶೀ’. ಈ ನಡುವೆ 19ನೇ ಶತಮಾನದ ಕೊನೆಯ ಇಂಗ್ಲಿಷ್ ಕವಿತೆಗಳಲ್ಲಿ ‘ಶೀ’ ಒಂದೇ ಜನಾಂಗದ ಹೆಸರಾಯಿತು, ಸುಂಟರಗಾಳಿಯ ಐರಿಷ್ ಹೆಸರಿನಲ್ಲಿ ‘ಶೀ’ ಇದ್ದುದರಿಂದ ಗಾಳಿಯೂ ಅಂಟಿಕೊಂಡಿತು. ಬಹುವಚನದ ‘ಶೀದೆ’ಯನ್ನು ದೇವತೆಗಳಿಗೇ ಬಳಸಿದ್ದು ಹಳೆಯ ಸ್ತುತಿಪದ್ಯದಲ್ಲೂ ಇದೆ, ಅದು ಸರಿಯೇ. ಆದರೆ ಒಬ್ಬಾಕೆಯನ್ನು ‘ಒಬ್ಬ ಶೀ’ ಎನ್ನುವುದು ‘ಗುಡ್ಡದವಳು ಬಂದಳು’ ಎನ್ನುವ ಬದಲು ‘ಗುಡ್ಡದ ಬಂದಳು’ ಎಂದಂತೆ. ದಿಬ್ಬಕ್ಕೆ ‘ಶೀದ್’, ಜನಕ್ಕೆ ‘ಆಯ್ಸ್ ಶೀದೆ’, ಹೆಣ್ಣಿಗೆ ‘ಬೆನ್ ಶೀದೆ’ ಎಂದು ಬರೆದರೆ ಅರ್ಥ ಕೆಡದು.